ಮುಚ್ಚಳದ ಮೇಲಿನ ಮನೆ

ನಾನು ಬೆಳೆದ ಮನೆಯ ನಡುಮನೆಯಲ್ಲಿ, ಬೇರೆಯವರ ಮನೆಗಳಲ್ಲಿ ಸೋಫಾ ಇರುವ ಜಾಗದಲ್ಲಿ, ನೆಲಕ್ಕೆ ಒಂದು ಕಬ್ಬಿಣದ ಮುಚ್ಚಳವಿತ್ತು. ಅದರ ಕೆಳಗೆ ನೀರಿನ ಸಂಪು. ಅಂಗಳ ಬಿಟ್ಟು ಮನೆಯ ಹೊಟ್ಟೆಯೊಳಗೆ ಸಂಪು ತೋಡಿಸಿದ ಮಹಾನುಭಾವ ಯಾರೆಂದು ನಮಗೆ ಗೊತ್ತಿಲ್ಲ. ಅಪ್ಪ ಮನೆ ಕೊಂಡಾಗ ಅದು ಮನೆಯ ಜೊತೆಗೇ ಬಂತು, ಕೆಲವರಿಗೆ ಹೆಂಡತಿಯ ಜೊತೆ ಅತ್ತೆಯೂ ಬಂದ ಹಾಗೆ. ಅರಸೀಕೆರೆ ಸ್ಟೇಷನ್ನಿನ ಹಿಂದಿನ ಬೀದಿ ನಮ್ಮದು. ಗೂಡ್ಸ್ ಗಾಡಿ ಹಾಯುವಾಗಲೆಲ್ಲ ಗೋಡೆಯ ಮೇಲಿನ ಬುದ್ಧನ ಪಟ ಒಂದಿಷ್ಟು ಓರೆಯಾಗುತ್ತಿತ್ತು, ತಟ್ಟೆಯ ಸಾರು ಅಂಚಿಗೆ ಬಂದು ನಿಲ್ಲುತ್ತಿತ್ತು, ಮುಚ್ಚಳದ ಕೆಳಗೆ ನೀರು ಅಲುಗಿ ಒಂದು ಸದ್ದು ಹೊರಡುತ್ತಿತ್ತು. ವಯಸ್ಸಾದವರು ಮಾತು ಶುರುಮಾಡುವ ಮೊದಲು ಗಂಟಲು ಸರಿಮಾಡಿಕೊಳ್ಳುತ್ತಾರಲ್ಲ, ಅಂಥ ಸದ್ದು. ಮಾತು ಮಾತ್ರ ಬರುತ್ತಿರಲಿಲ್ಲ. ನಾವು ಆ ಮುಚ್ಚಳದ ಸುತ್ತಲೇ ಊಟಕ್ಕೆ ಕೂರುತ್ತಿದ್ದೆವು. ಸದ್ದು ಬಂದಾಗ ಮುದ್ದೆ ಮುರಿಯುತ್ತಿದ್ದ ನಾಲ್ಕು ಕೈಗಳೂ ಒಂದು ಗಳಿಗೆ ನಿಲ್ಲುತ್ತಿದ್ದವು. ಆಮೇಲೆ ಆನಂದ ಚಿಕ್ಕಪ್ಪ ನೆಲದ ಕಡೆ ಬಗ್ಗಿ ಹೇಳುತ್ತಿದ್ದ:

“ಏಳ್ಬ್ಯಾಡಿ ಅಜ್ಜಾ, ಕೂತಿರಿ. ನಿಮ್ಗೆ ಅಲ್ಲಿಗೇ ಕಳಿಸ್ತೀವಿ.”

ಎಲ್ಲರೂ ನಗುತ್ತಿದ್ದರು. ಅವ್ವ ಮಾತ್ರ ನಗುತ್ತಾ ನಗುತ್ತಾ ಮುಚ್ಚಳದ ಅಂಚನ್ನು ಕಾಲಿನಿಂದ ಒತ್ತಿ, ಸರಿಯಾಗಿ ಕೂತಿದೆಯೇ ಎಂದು ನೋಡುತ್ತಿದ್ದಳು.

ಅಪ್ಪ ಮತ್ತು ಚಿಕ್ಕಪ್ಪನ ಕಸುಬು ಊರವರ ಮನೆಯ ಸಂಪು, ಟ್ಯಾಂಕು ತೊಳೆಯುವುದು. ನಮ್ಮ ನೆಂಟರಲ್ಲಿ ಮೇಷ್ಟ್ರಿದ್ದರು, ಬ್ಯಾಂಕಿನವರಿದ್ದರು, ತಾಲ್ಲೂಕು ಆಫೀಸಿನವರಿದ್ದರು. ಎಲ್ಲರೂ ಓದಿ ಮೇಲೆ ಬಂದವರು. ನಾವು ಮಾತ್ರ ಕೆಳಗಿಳಿಯುವುದನ್ನೇ ಕಸುಬು ಮಾಡಿಕೊಂಡಿದ್ದೆವು. ಅರಸೀಕೆರೆಯ ನಾಲ್ಕು ಬೀದಿಗಳಲ್ಲಿ ಶುರುವಾದ ಕೆಲಸ ಬೇಲೂರು, ಹಳೇಬೀಡಿನವರೆಗೂ ಹಬ್ಬಿತು ಎಂದು ಈಗ ನಾನು ಎದೆಯುಬ್ಬಿಸಿ ಹೇಳಿಕೊಳ್ಳುತ್ತೇನೆ. ಹಬ್ಬಿಸಿದ್ದು ನನ್ನ ಎದೆಯಲ್ಲ, ಅವ್ವನ ಕಿವಿ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಹೆಂಗಸು ಒಂದು ಗೋಣಿತಾಟು ಮಡಿಚಿ ಮುಚ್ಚಳದ ಮೇಲೆ ಹಾಸಿ, ಮಡಿಲಲ್ಲಿ ಫೋನು ಇಟ್ಟುಕೊಂಡು ಕೂತರೆ ಅದೇ ಆಫೀಸು. ಅವರೆಕಾಯಿ ಸುಲಿಯುತ್ತಲೇ ಅವಳು ಮೂರು ಊರುಗಳ ನೀರು ಕಾಯುತ್ತಿದ್ದಳು.

“ಮೂರ್ನೇ ರಿಂಗಿಗೆ ಮುಂಚೆ ಎತ್ಬೇಕು ಕಣ್ರೀ,” ಎಂದು ಅಪ್ಪನಿಗೆ ಪಾಠ ಹೇಳುತ್ತಿದ್ದಳು. “ಮೂರಾದ್ಮೇಲೆ ಜನ ಬ್ಯಾರೇರ್ನ ನೆನೆಸ್ಕಂತಾರೆ. ಇವತ್ತು ಆಗ್ದಿದ್ರೆ ಆಗಲ್ಲ ಅನ್ಬ್ಯಾಡಿ, ಯಾವತ್ತು ಆಗ್ತದೆ ಅಂತ ಹೇಳಿ. ಬತ್ತೀವಿ ಅಂದ್ರೆ ಯಾರೂ ನಂಬಲ್ಲ. ಹತ್ತೂಕಾಲಿಗೆ ಬತ್ತೀವಿ ಅಂದ್ರೆ ನಂಬ್ತಾರೆ.”

ಹತ್ತೂಕಾಲು ಎಂದರೆ ಅಪ್ಪ ಹತ್ತಕ್ಕೇ ಆ ಬೀದಿಯ ಮೂಲೆಯಲ್ಲಿ ಟೀ ಹಿಡಿದು ನಿಂತಿರುತ್ತಿದ್ದ. ಹೋದ ಕಡೆ ಮೊದಲಿನವರು ಕೆಲಸ ಕೆಡಿಸಿದ್ದರೂ ಅವರ ಸುದ್ದಿ ಎತ್ತುತ್ತಿರಲಿಲ್ಲ. ಒಳಗಿನಿಂದ ಬಂದ ಹೂಳಿನಲ್ಲಿ ಒಂದು ಪಾಲನ್ನು ಬಿಳಿ ಬಕೆಟ್ಟಿಗೆ ಸುರಿದು ಮನೆಯವರ ಮುಂದೆ ಇಟ್ಟು ಸುಮ್ಮನೆ ನಿಲ್ಲುತ್ತಿದ್ದ. ಮಾತು ಬೇಕಿರಲಿಲ್ಲ, ಅವರ ಮುಖವೇ ಮಾತಾಡುತ್ತಿತ್ತು. ಕೊನೆಗೆ ಹೊಸ ನೀರು ತುಂಬಿದ ಮೇಲೆ ಮೊದಲ ಲೋಟ ಅಪ್ಪನೇ ಕುಡಿಯಬೇಕು, ಮನೆಯವರ ಎದುರಿಗೇ. ತೊಳೆದವನು ಕುಡಿಯದ ನೀರನ್ನು ಇನ್ನೊಬ್ಬರು ಏಕೆ ಕುಡಿಯಬೇಕು ಎಂಬುದು ಅವ್ವನ ಕಾನೂನು. ಲೋಟ ನಮ್ಮದೇ. ಕೆಲವು ಮನೆಗಳಲ್ಲಿ ಲೋಟ ಕೊಡಲು ಕೈ ಹಿಂದೆಮುಂದೆ ನೋಡುತ್ತಿತ್ತು. ಆ ಕಷ್ಟ ಅವರಿಗೇಕೆ ಎಂದು ಅವ್ವ ಒಂದು ಸ್ಟೀಲ್ ಲೋಟವನ್ನು ಬ್ರಷ್ಷಿನ ಚೀಲದಲ್ಲೇ ಇಟ್ಟಿದ್ದಳು. ಫೋನಿನಲ್ಲೇ ಕೇಳಿಬಿಡುವವರೂ ಇದ್ದರು.

“ಅಲ್ಲಮ್ಮಾ, ಕುಡಿಯೋ ನೀರಿನ ಕೆಲ್ಸ ನೋಡಿ... ನೀವು ಯಾವ ಪೈಕಿ?”

“ಸಂಪು ತೊಳೆಯೋ ಪೈಕಿ ಸ್ವಾಮಿ. ಹಿಂದಿನ್ ದಿನಾನೇ ಮುಚ್ಚಳ ತೆಗ್ದಿಟ್ಟಿರಿ, ಗಾಳಿ ಆಡ್ಲಿ.”

ಕ್ಯಾಲೆಂಡರಿನ ಹಿಂಬದಿಯಲ್ಲಿ ಅವಳು ಪೆನ್ಸಿಲಿನಿಂದ ಮನೆಗಳನ್ನು ಬರೆದಿಡುತ್ತಿದ್ದಳು. ಹೆಸರಿಗಿಂತ ಗುರುತೇ ಹೆಚ್ಚು: ಬೇಲೂರು, ನೀಲಿ ಗೇಟು, ನಾಯಿ ಕಟ್ಟಿಸಬೇಕು. ಹಳೇಬೀಡು, ಮಂಡಿನೋವಿನ ಅಜ್ಜಿ, ಬೇಗ ಬಾಗಿಲು ತೆಗೆಯಲಾರರು, ಕಾಯಬೇಕು. ಕೆಲಸ ಮುಗಿದ ಎಂಟು ದಿನಕ್ಕೆ ನೀರು ಹೇಗಿದೆ ಎಂದು ಕೇಳಿ ಒಂದು ಫೋನು. ವರ್ಷವಾದ ಮೇಲೆ ಮತ್ತೊಂದು. ಬೇಲೂರಿನ ನೀಲಿ ಗೇಟಿನ ಟೀಚರಿಗೆ ಹಾಗೆ ಫೋನು ಮಾಡಿ, “ಮಗಳ ಪರೀಕ್ಷೆ ಏನಾಯ್ತು ಮೇಡಂ? ನಾಯಿ ಕಾಲು ನೆಟ್ಟಗಾಯ್ತಾ?” ಎಂದು ಕೇಳಿದ್ದಳು. ಮುಂದಿನ ಸಲ ಅಪ್ಪ ಹೋದಾಗ ಅವರು ಮೆಲ್ಲಗೆ ಕೇಳಿದರು:

“ನಿಮ್ಮನೆಯವ್ರು ನಮ್ಮನೆಗೆ ಬಂದೇ ಇಲ್ಲ. ಅದೆಲ್ಲ ಅವ್ರಿಗೆ ಹೆಂಗ್ರೀ ಗೊತ್ತು?”

ಅಪ್ಪನೇ ಬಂದು ಹೇಳಿದ್ದು ಎಂಬುದು ಅವರಿಗೆ ಹೊಳೆಯಲಿಲ್ಲ. ಕಂಡು ಕೇಳರಿಯದ ಹೆಂಗಸೊಬ್ಬಳು ನೆಲದ ಮೇಲೆ ಕೂತು ತಮ್ಮ ಮನೆಯ ಸದ್ದೆಲ್ಲ ಕೇಳಿಸಿಕೊಳ್ಳುತ್ತಿದ್ದಾಳೆ ಎಂದು ಮೂರು ಊರಿನವರೂ ಸ್ವಲ್ಪ ಹೆದರಿದ್ದರು. ಹೆದರಿದ್ದರಿಂದಲೋ ಏನೋ, ಬೇರೆಯವರನ್ನು ಕರೆಯುತ್ತಿರಲಿಲ್ಲ.

ಇಂಥ ಮನೆಯಲ್ಲಿ ನಾನು ಹುಟ್ಟಿದೆ. ಹೆಸರು ರಾಹುಲ. ಕ್ರಿಕೆಟ್ಟಿನವನದಲ್ಲ, ಬುದ್ಧನ ಮಗನದು ಎಂದು ಅವ್ವ ಎಲ್ಲರಿಗೂ ತಿದ್ದುತ್ತಿದ್ದಳು. ಬುದ್ಧನ ಮಗನಿಗೆ ಇಲ್ಲದ ಒಂದು ರೋಗ ನನಗಿತ್ತು: ಯಾರ ಗಂಟಲು ಕೇಳಿದರೂ ಅದನ್ನು ಕದಿಯುವುದು. ಪೋಸ್ಟ್‌ಮನ್ನಿನ ಕೆಮ್ಮು, ಗಣಿತದ ಮೇಷ್ಟ್ರ ಮೂಗು, ಸ್ಟೇಷನ್ನಿನ ಮೈಕಿನ ಹೆಂಗಸು, ಹುಣ್ಣಿಮೆಯ ದಿನ ಪಂಚಶೀಲ ಹೇಳಿಕೊಡಲು ಬರುತ್ತಿದ್ದ ದೊಡ್ಡಪ್ಪ, ಯಾರೂ ತಪ್ಪಿಸಿಕೊಂಡಿರಲಿಲ್ಲ. ಸುಳ್ಳಾಡುವುದಿಲ್ಲ ಎಂಬ ನಾಲ್ಕನೆಯ ಶೀಲವನ್ನು ನಾನು ಅಪ್ಪನ ದನಿಯಲ್ಲೊಮ್ಮೆ, ಅವ್ವನ ದನಿಯಲ್ಲೊಮ್ಮೆ ಹೇಳಿ ಇಬ್ಬರ ಪಾಲಿನ ಪುಣ್ಯವನ್ನೂ ಹೊಡೆದುಕೊಳ್ಳುತ್ತಿದ್ದೆ. ಅವ್ವ ಹಿತ್ತಲಲ್ಲಿದ್ದಾಗ ಫೋನು ಬಂದರೆ ಅವಳ ದನಿಯಲ್ಲೇ ಮಾತಾಡುತ್ತಿದ್ದೆ. ಊರಿನ ಗಂಡಸರೆಲ್ಲ ಹನ್ನೊಂದು ವರ್ಷದ ನನಗೆ “ಹೂಂ ತಾಯಿ, ಆಗ್ಲಿ ತಾಯಿ” ಎನ್ನುತ್ತಿದ್ದರೆ ಆಹಾ, ಆ ಸುಖ. ಹೀಗೇ ಒಂದು ಸಲ ಬೇಲೂರಿಗೂ ಹಳೇಬೀಡಿಗೂ ಒಂದೇ ದಿನ ಹತ್ತೂಕಾಲು ಎಂದು ಹೇಳಿಬಿಟ್ಟೆ. ಹಳೇಬೀಡಿನ ಮಂಡಿನೋವಿನ ಅಜ್ಜಿ ಮಧ್ಯಾಹ್ನದವರೆಗೂ ಬಾಗಿಲಲ್ಲೇ ಕೂತಿದ್ದರಂತೆ. ಅವ್ವ ನನ್ನನ್ನು ಬೈಯಲಿಲ್ಲ. ಸೀರೆ ಬದಲಿಸಿ, ಬಸ್ಸು ಹತ್ತಿ, ಹಳೇಬೀಡಿಗೆ ಹೋಗಿ, ತಪ್ಪಾಯಿತು ಎಂದು ಅಜ್ಜಿಯ ಎದುರಿಗೆ ನಿಂತು ಹೇಳಿ ಬಂದಳು. ಬಂದ ಮೇಲೆ ಇಷ್ಟೇ ಅಂದಳು:

“ನನ್ ಬಾಯಲ್ಲಿ ಮಾತು ಕೊಟ್ಟೋನು ನೀನು. ಉಳಿಸ್ಕಳಕ್ಕೆ ಹೋದೋಳು ನಾನು. ಇನ್ನೊಬ್ರ ಗಂಟ್ಲು ಸುಮ್ನೆ ಬರಲ್ಲ ಕಣೋ, ಅವ್ರ ಮಾತೂ ಜೊತೇಲಿ ಬತ್ತದೆ.”

ನಾನು ಅದನ್ನೂ ಅವಳ ದನಿಯಲ್ಲೇ ಹೇಳಿಕೊಂಡು ಬೀದಿಯ ಹುಡುಗರನ್ನು ನಗಿಸಿದೆ.

ನನ್ನ ಗರಡಿಮನೆ ನಡುಮನೆಯ ಆ ಸಂಪೇ. ಮಧ್ಯಾಹ್ನ ಅವ್ವ ಬಟ್ಟೆ ಒಗೆಯಲು ಹೋದಾಗ ಮುಚ್ಚಳವನ್ನು ಒಂದು ಗೇಣು ಸರಿಸಿ, ಹೊಟ್ಟೆಯ ಮೇಲೆ ಮಲಗಿ, ಬಾಯಿ ಕೆಳಗಿಟ್ಟು ಹೊಸ ದನಿಗಳನ್ನು ಒಳಕ್ಕೆ ಬಿಡುತ್ತಿದ್ದೆ. ಕೆಳಗಿನ ಕತ್ತಲು ಅದನ್ನು ದುಂಡಗೆ ಮಾಡಿ ವಾಪಸು ಕೊಡುತ್ತಿತ್ತು. ಎಲ್ಲಿ ಸರಿಯಿಲ್ಲ ಎಂದು ತಿದ್ದಿಕೊಳ್ಳುತ್ತಿದ್ದೆ. ಒಮ್ಮೆ ಅವ್ವ ಒದ್ದೆ ಕೈಯಲ್ಲೇ ಬಂದು ನನ್ನ ಕಾಲು ಹಿಡಿದು ಎಳೆದಿದ್ದಳು. “ಅದಕ್ಕೆ ಮಾತು ಕೊಡ್ಬ್ಯಾಡ, ಇಟ್ಕಂತದೆ,” ಎಂದು ಹೆದರಿಸಿದ್ದಳು. ನಾನು ಹೆದರುವ ಪೈಕಿಯಲ್ಲ. ಆ ದಿನಗಳಲ್ಲಿ ನಾನು ಚಿಕ್ಕಪ್ಪನ ದನಿಯ ಹಿಂದೆ ಬಿದ್ದಿದ್ದೆ. ಸಂಪಿಗೆ ಇಳಿಯುತ್ತಿದ್ದವನು ಚಿಕ್ಕಪ್ಪ, ಬಾಯಿಯ ಹತ್ತಿರ ನಿಂತು ಬಕೆಟ್ಟು ಎಳೆಯುತ್ತಿದ್ದವನು ಅಪ್ಪ. ಪ್ರತಿ ಬಕೆಟ್ಟು ಮೇಲೆ ಬಂದಾಗಲೂ ಅಪ್ಪ ಹೆಸರು ಹಿಡಿದು ಕೂಗಬೇಕು, ಒಳಗಿನಿಂದ ಉತ್ತರ ಬರಬೇಕು. ಬರದಿದ್ದರೆ ಕೆಲಸ ಅಲ್ಲಿಗೇ ನಿಲ್ಲಬೇಕು. ಅದು ನಮ್ಮವರು ಮಾಡಿಕೊಂಡಿದ್ದ ಕಟ್ಟಳೆ.

“ಆನಂದಾ!”

“ಓ, ಇದ್ದೀನಿ!”

ಚಿಕ್ಕಪ್ಪನದು ತುಂಬುಗಂಟಲು. ‘ಓ’ ಎನ್ನುವುದನ್ನು ಸಂಪಿನ ಬಾಯಿಯಷ್ಟೇ ದುಂಡಗೆ ಮಾಡುತ್ತಿದ್ದ, ‘ಇದ್ದೀನಿ’ಯನ್ನು ಕೈಯಿಂದ ನೀರು ಕೊಡವಿದಂತೆ ಕೊಡವುತ್ತಿದ್ದ. ನನಗೆ ‘ಓ’ ಸಿಕ್ಕಿತ್ತು. ಆದರೆ ಕಳ್ಳೆಕಾಯಿ ಕಚ್ಚಿ ನನ್ನ ಮುಂದಿನ ಹಲ್ಲೊಂದು ಅರ್ಧ ಮುರಿದಿದ್ದರಿಂದ ‘ಇದ್ದೀನಿ’ಯ ನಡುವೆ ಸಣ್ಣದೊಂದು ಗಾಳಿ ಸೋರುತ್ತಿತ್ತು. ಆ ಮಧ್ಯಾಹ್ನ ಹತ್ತು ಸಲ ಹೇಳಿದೆ. ಹತ್ತು ಸಲವೂ ಸಂಪು ವಾಪಸು ಕೊಟ್ಟಿತು, ಗಾಳಿಯ ಸಮೇತ. ಹನ್ನೊಂದನೆಯದು ಆ ಗಾಳಿಯೊಂದು ಬಿಟ್ಟರೆ ಚೆನ್ನಾಗಿ ಬಂತು. ನಾನು ಕಿವಿಗೊಟ್ಟು ಕಾದೆ. ಏನೂ ಬರಲಿಲ್ಲ. ಇನ್ನೂ ಕಾದೆ. ಬಾವಿಗೆ ಕಲ್ಲು ಹಾಕಿ ಅದು ಬಿದ್ದ ಸದ್ದೇ ಕೇಳದಿದ್ದರೆ ಹೇಗಿರುತ್ತದೆ, ಹಾಗಿತ್ತು. ಹೊರಗೆ ಬಿಸಿಲು, ಹಿತ್ತಲಲ್ಲಿ ಅವ್ವ ಬಟ್ಟೆ ಕುಕ್ಕುವ ಸದ್ದು. ಕೆಳಗೆ ನೀರು ಉಸಿರು ಹಿಡಿದಂತೆ ನಿಂತಿತ್ತು. ನಾನು ಮುಚ್ಚಳ ಎಳೆದುಬಿಟ್ಟೆ. ಹೆದರಿ ಅಲ್ಲ, ಹೋಮ್‌ವರ್ಕ್ ಇತ್ತು. ಹಾಗಂತ ಎಷ್ಟೋ ವರ್ಷ ಎಲ್ಲರಿಗೂ ಹೇಳಿದ್ದೇನೆ.

ಆಮೇಲಿನ ಭಾನುವಾರ ಊರಿನ ಒಬ್ಬ ಕೊಬ್ಬರಿ ಸಾವ್ಕಾರರ ಹಳೆಯ ಮನೆಯಲ್ಲಿ ಕೆಲಸ. ಶಾಲೆಗೆ ರಜೆಯಾದ್ದರಿಂದ ನಾನೂ ಬಾಲದಂತೆ ಹೋಗಿದ್ದೆ. ಹೊರಡುವಾಗಲೇ ನನಗೂ ಚಿಕ್ಕಪ್ಪನಿಗೂ ಜಗಳ. ಹಿಂದಿನ ವಾರ ಅವನು ಹೆಣ್ಣು ನೋಡಲು ಹೋಗಿ, ಆ ಹುಡುಗಿಯ ಮುಂದೆ ಬೆವರುತ್ತಾ “ನಿಮ್ಮೂರಲ್ಲಿ ನೀರು ಹೆಂಗೆ?” ಎಂದು ಕೇಳಿದ್ದನಂತೆ. ನಾನು ಅದನ್ನು ಅವನ ದನಿಯಲ್ಲೇ ಬೀದಿಯ ಮುಂದೆ ಆಡಿ ತೋರಿಸಿದ್ದೆ. ಪಾಪ, ಕಿವಿಯವರೆಗೂ ಕೆಂಪಾಗಿದ್ದ.

“ಇವತ್ತು ನಿನ್ ಜೊತೆ ಮಾತಿಲ್ಲ ಕಣ್ಲಾ,” ಎಂದ. “ನೀನು ಕೂಗಿದ್ರೂ ಓ ಅನ್ನಲ್ಲ, ಹೋಗ್ಲಾ.”

ಸಾವ್ಕಾರರ ಸಂಪು ಎರಡು ಕೋಣೆಯದು. ಬಾಯಿಯ ಕೆಳಗೊಂದು ಕೋಣೆ, ಬಗ್ಗಿ ದಾಟಬೇಕಾದ ಒಂದು ಕಿಂಡಿ, ಅದರಾಚೆ ಇನ್ನೊಂದು. ಮುಚ್ಚಳವನ್ನು ಹಿಂದಿನ ದಿನವೇ ತೆಗೆದಿಡಲು ಅವ್ವ ಹೇಳಿದ್ದಳು.

“ನಿನ್ನೆ ಸಾಯಂಕಾಲಾನೇ ತೆಗ್ಸಿದ್ದೀನಿ ಕಣಯ್ಯಾ, ಇಳೀರಿ ಇಳೀರಿ,” ಎಂದರು ಸಾವ್ಕಾರರು. ತೆಗೆಸಿದ್ದು ಆ ಬೆಳಿಗ್ಗೆ, ನಮ್ಮ ಆಟೋ ಗೇಟಿನ ಮುಂದೆ ನಿಂತ ಮೇಲೆ. ಅದು ನಮಗೆ ಗೊತ್ತಾದದ್ದು ತಡವಾಗಿ. ಒಳಗಿನ ಗಾಳಿ ಸರಿಯಿದೆಯೇ ಎಂದು ನೋಡಲು ಅಪ್ಪ ವಾಡಿಕೆಯಂತೆ ಬಕೆಟ್ಟಿನಲ್ಲಿ ದೀಪ ಹಚ್ಚಿ ಇಳಿಬಿಟ್ಟ. ಮೊದಲ ಕೋಣೆಯಲ್ಲಿ ಅದು ಚೆನ್ನಾಗಿಯೇ ಉರಿಯಿತು. ಎರಡನೆಯ ಕೋಣೆಗೆ ದೀಪ ಹೋಗಲಿಲ್ಲ, ಚಿಕ್ಕಪ್ಪ ಹೋದ.

ಅಷ್ಟರಲ್ಲಿ ಅಪ್ಪನ ಫೋನು ಹೊಡೆದುಕೊಂಡಿತು. ಮಾಡಿದವಳು ಅವ್ವ. ಸಂಜೆ ಇನ್ನೊಂದು ಮನೆಗೆ ಹೋಗಲಾದೀತೇ ಎಂದು ಕೇಳಲು. ಮೂರನೇ ರಿಂಗಿಗೆ ಮುಂಚೆ ಎತ್ತಬೇಕಲ್ಲ, ಅಪ್ಪ ಹಗ್ಗ ಬಿಟ್ಟು ಎತ್ತಿದ. “ಕೂಗ್ತಿರ್ಲಾ,” ಎಂದು ನನಗೆ ಸನ್ನೆ ಮಾಡಿ, ಸಿಗ್ನಲ್ಲು ಹುಡುಕುತ್ತಾ ನಾಲ್ಕು ಹೆಜ್ಜೆ ಆಚೆ ಹೋಗಿ, ನಮ್ಮ ಕಡೆ ಬೆನ್ನು ಮಾಡಿ ನಿಂತ.

ನಾನು ಸಂಪಿನ ಬಾಯಿಗೆ ಬಗ್ಗಿ ಅಪ್ಪನ ದನಿಯಲ್ಲಿ ಕೂಗಿದೆ:

“ಆನಂದಾ!”

ಉತ್ತರವಿಲ್ಲ. ಕೋಪ ಇನ್ನೂ ಇಳಿದಿಲ್ಲ ಎಂದುಕೊಂಡೆ. ಅಪ್ಪ ಅರ್ಧ ತಿರುಗಿ ನೋಡಿದ. ಉತ್ತರ ಬರದಿದ್ದರೆ ಅವನು ಫೋನು ಇಟ್ಟು ಬರುತ್ತಾನೆ, ಬಂದರೆ ಬೆಳಗಿನ ಜಗಳ ಬಯಲಾಗುತ್ತದೆ, ನನಗೆ ಬೀಳುತ್ತದೆ. ಇಷ್ಟೇ ಲೆಕ್ಕ ನನ್ನ ತಲೆಯಲ್ಲಿ ಓಡಿದ್ದು. ಬಾಯಿಯನ್ನು ಸಂಪಿನ ಅಂಚಿಗಿಟ್ಟು ಚಿಕ್ಕಪ್ಪನಾದೆ.

“ಓ, ಇದ್ದೀನಿ!”

ಅಪ್ಪ ಮತ್ತೆ ಬೆನ್ನು ತಿರುಗಿಸಿದ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ಹಾಗೇ ಮಾಡಿದೆ. ಕರೆಯುವವನೂ ನಾನೇ, ಓಗೊಡುವವನೂ ನಾನೇ. ನನಗೇ ನಗು ಬಂತು. ಇಡೀ ಕಂಪನಿಯನ್ನು ಒಬ್ಬನೇ ನಡೆಸುತ್ತಿದ್ದೇನೆ ಎನ್ನಿಸಿತು. ಮೂರನೆಯ ಸಲ “ಆನಂದಾ!” ಎಂದು ಕೂಗಿ, ಉತ್ತರಕ್ಕೆಂದು ಬಗ್ಗಿದೆ. ಬಾಯಿ ತೆರೆದಿದ್ದೆನಷ್ಟೇ, ಉಸಿರು ಇನ್ನೂ ಎಳೆದುಕೊಂಡಿರಲಿಲ್ಲ.

“ಓ, ಇದ್ದೀನಿ!”

ಅದು ಕೆಳಗಿನಿಂದ ಬಂತು. ದೂರದ ಕೋಣೆಯಿಂದಲ್ಲ, ನೇರ ನನ್ನ ಮುಖದ ಕೆಳಗಿನಿಂದ. ಅಲ್ಲಿ ಮೊಣಕಾಲೆತ್ತರದ ಕಪ್ಪು ನೀರು ಬಿಟ್ಟರೆ ಯಾರೂ ಇರಲಿಲ್ಲ. ‘ಓ’ ದುಂಡಗಿತ್ತು. ‘ಇದ್ದೀನಿ’ಯ ನಡುವೆ ಸಣ್ಣ ಗಾಳಿ ಸೋರಿತು. ಚಿಕ್ಕಪ್ಪನ ಹಲ್ಲು ಒಂದೂ ಮುರಿದಿರಲಿಲ್ಲ. ಅದು ಚಿಕ್ಕಪ್ಪನದಲ್ಲ, ಚಿಕ್ಕಪ್ಪನದನ್ನು ನಾನು ಮಾಡಿದ್ದು. ನಮ್ಮ ಮನೆಯ ಸಂಪು ವಾಪಸು ಕೊಡದೆ ಇಟ್ಟುಕೊಂಡಿತಲ್ಲ, ಅದು.

ನಾನು ಕಿರುಚಿದೆ. ಯಾರ ದನಿಯಲ್ಲಿ ಕಿರುಚಿದೆ ಎಂದು ನನಗೆ ತಿಳಿಯದು. ಅಪ್ಪ ಆಮೇಲೆ ಹೇಳಿದ, ಅಂಥ ದನಿ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ, ಯಾವುದೋ ಗುರುತಿಲ್ಲದ ಮಗು ಎಂದುಕೊಂಡೇ ಓಡಿಬಂದೆ ಎಂದು. ಅವನು ಫೋನನ್ನು ಎಲ್ಲಿ ಎಸೆದನೋ, ಟವೆಲ್ಲು ಒದ್ದೆ ಮಾಡಿ ಮೂಗಿಗೆ ಕಟ್ಟಿ, ಬಕೆಟ್ಟಿನ ಹಗ್ಗವನ್ನೇ ಸೊಂಟಕ್ಕೆ ಸುತ್ತಿಕೊಂಡು ಇಳಿದ. ಪಕ್ಕದಲ್ಲೇ ಇದ್ದ ಸಾವ್ಕಾರರ ಕೊಬ್ಬರಿ ಮಂಡಿಯಿಂದ ಇಬ್ಬರು ಹಮಾಲಿಗಳು ಓಡಿಬಂದು ಹಗ್ಗ ಹಿಡಿದರು. ಎರಡನೆಯ ಕೋಣೆಯ ಗೋಡೆಗೆ ಒರಗಿ ಚಿಕ್ಕಪ್ಪ ಕೂತಿದ್ದನಂತೆ, ಬಸ್ಸಿನಲ್ಲಿ ನಿದ್ದೆ ಹೋದವರ ಹಾಗೆ, ತುಟಿಯವರೆಗೆ ಕೆಸರು ನೀರು. ಇನ್ನೊಂದಿಷ್ಟು ಜಾರಿದ್ದರೆ ಮೂಗು. ಮೇಲೆ ತಂದು ಬಿಸಿಲಲ್ಲಿ ಮಲಗಿಸಿದಾಗ ಅವನ ತುಟಿಗಳು ನೇರಳೆ ಹಣ್ಣು ತಿಂದಂತಿದ್ದವು. ಆಸ್ಪತ್ರೆಯಲ್ಲಿ ಸಂಜೆಯ ಹೊತ್ತಿಗೆ ಕಣ್ಣು ಬಿಟ್ಟ. ಕಿಂಡಿ ದಾಟಿದ್ದಷ್ಟೇ ಅವನಿಗೆ ನೆನಪು. ಕೆಸರು ನೀರು ಕುಡಿದ ಗಂಟಲಿನಿಂದ ಹೊರಟದ್ದು ಹಳೇ ಬಾಗಿಲು ಉಜ್ಜಿದಂಥ ಗೊರಗೊರ ಸದ್ದು. ಕೆಲವು ದಿನಕ್ಕೆ ಸರಿಹೋದೀತು ಎಂದರು ಡಾಕ್ಟರು. ಹೋಗಲಿಲ್ಲ. ಅವನ ಆ ತುಂಬುಗಂಟಲು ಮತ್ತೆ ಯಾರಿಗೂ ಕೇಳಿಸಲಿಲ್ಲ.

ಮನೆಗೆ ಬಂದಾಗ ಅವ್ವ ಮುಚ್ಚಳದ ಮೇಲೆ ಕೂತಿದ್ದಳು. ಫೋನು ಮಡಿಲಲ್ಲಿತ್ತು. ನನ್ನನ್ನು ಎದುರಿಗೆ ಕೂರಿಸಿಕೊಂಡಳು.

“ಏನಾಯ್ತು ಹೇಳು.”

ನಾನು ಶುರುಮಾಡಿದೆ. ನನಗೇ ಗೊತ್ತಿಲ್ಲದೆ ಅಪ್ಪನ ದನಿಯಲ್ಲಿ ಶುರುಮಾಡಿದ್ದೆ.

“ಅದಲ್ಲ. ನಿನ್ ಗಂಟಲಲ್ಲಿ ಹೇಳು.”

ಇನ್ನೊಮ್ಮೆ ಪ್ರಯತ್ನಿಸಿದೆ. ಮೇಷ್ಟ್ರು ಬಂದರು. ಮತ್ತೊಮ್ಮೆ, ಪೋಸ್ಟ್‌ಮನ್ ಬಂದ. ಗಂಟಲಿಗೆ ಕೈ ಹಾಕಿದರೆ ಊರವರೆಲ್ಲ ಸಿಕ್ಕರು, ನಾನು ಸಿಗಲಿಲ್ಲ. ಅಷ್ಟು ಭಯವನ್ನು ನಾನು ಸಂಪಿನ ಮುಂದೆಯೂ ಪಟ್ಟಿರಲಿಲ್ಲ. ಕೊನೆಗೆ ಅಳು ಬಂತು, ಅಳುವಿಗೆ ಯಾರ ದನಿಯೂ ಬೇಕಿಲ್ಲ. ಅಳುತ್ತಲೇ ಹೇಳಿದೆ:

“ಓ ಅಂದಿದ್ದು ನಾನು ಅವ್ವಾ. ಚಿಕ್ಕಪ್ಪ ಅಲ್ಲ. ಎರಡ್ ಸಲ.”

“ಗೊತ್ತು. ನಿಮ್ಮಪ್ಪನ ಫೋನಲ್ಲಿ ಕೇಳಿಸ್ತು. ನೀನು ಯಾರ್ನ ಮಾಡಿದ್ರೂ ಮೊದ್ಲು ಉಸಿರು ಎಳ್ಕಂತೀಯ. ಎರಡು ಓಗೂ ಎಳ್ಕೊಂಡೆ.” ಅವ್ವ ಫೋನನ್ನು ಪಕ್ಕಕ್ಕಿಟ್ಟಳು. “ಮೂರ್ನೇದ್ರಲ್ಲಿ ಉಸಿರೇ ಇರ್ಲಿಲ್ಲ. ಅದ್ಯಾರು?”

ಆಗ ಗೂಡ್ಸ್ ಹಾಯಿತು. ಮುಚ್ಚಳದ ಕೆಳಗೆ ಗಂಟಲು ಸರಿಮಾಡಿಕೊಂಡ ಸದ್ದು ಬಂತು. ಅವ್ವ ಏಳಲಿಲ್ಲ, ಕೂತ ಕಡೆಯೇ ಇನ್ನಷ್ಟು ಭಾರವಾದಳು.

ಅಪ್ಪ ಹೊಡೆಯುತ್ತಾನೆ ಎಂದು ಕಾದೆ. ಹೊಡೆದಿದ್ದರೆ ಒಳ್ಳೆಯದಿತ್ತು. ಮಾರನೆಯ ದಿನ ಅವನು ಹೆಬ್ಬೆರಳು ದಪ್ಪದ ಹೊಸ ಹಗ್ಗ ತಂದು ನನ್ನ ಮುಂದೆ ಹಾಕಿ, ಅಂಗಿ ಎತ್ತಿ ನಿಂತ.

“ಗಂಟು ನೀನೇ ಹಾಕ್ಲಾ.”

“ನಾನಾ ಅಪ್ಪಾ?”

“ಇನ್ಮ್ಯಾಕೆ ಒಳಗಿಳಿಯೋನು ನಾನು. ಭಾನುವಾರ ಭಾನುವಾರ ಗಂಟು ಹಾಕೋನು ನೀನು. ಬಾಯಲ್ಲಿ ಏನೂ ಬ್ಯಾಡ. ಎರಡ್ ಸಲ ಎಳೆದ್ರೆ ಇದ್ದೀನಿ ಅಂತ. ಮೂರು ಎಳೆದ್ರೆ ಏನೂ ಕೇಳ್ದಂಗೆ ಎತ್ಬುಡಿ.”

ಗಂಟು ಆರು ಸಲ ಬಿಚ್ಚಿಕೊಂಡಿತು. ಏಳನೆಯದು ನಿಂತಿತು. ಅವನ ಸೊಂಟದ ಬಿಸಿ ನನ್ನ ಬೆರಳಿಗೆ ಈಗಲೂ ಗೊತ್ತು. ಆಸ್ಪತ್ರೆಯಿಂದ ಬಂದ ಚಿಕ್ಕಪ್ಪನ ಎದುರಿಗೂ ಹೋಗಿ ನಿಂತು ಎಲ್ಲ ಹೇಳಿದೆ. ಅವನು ಗೋಡೆಗೆ ಒರಗಿ ಕೇಳಿಸಿಕೊಂಡ. ಆಮೇಲೆ ಗೊರಗೊರ ದನಿಯಲ್ಲಿ, “ಕಿರುಚ್ದೋನೂ ನೀನೇ ತಾನೆ? ಬಿಡ್ಲಾ,” ಎಂದ. ಹಿಂದೆಯೇ, “ನನ್ ಓ ಅನ್ನೋದು ಈಗ ನಿನ್ ಹತ್ರ ಮಾತ್ರ ಐತೆ, ಅಲ್ವೇನ್ಲಾ?” ಎಂದು ಕೇಳಿದ. ನಗುತ್ತಲೇ ಕೇಳಿದ. ಆ ಹೆಣ್ಣು ನೀರಿನ ಪ್ರಶ್ನೆಯನ್ನೂ ಗೊರಗೊರ ದನಿಯನ್ನೂ ಒಪ್ಪಿ ನಮ್ಮ ಚಿಕ್ಕಮ್ಮನಾದಳು ಎಂಬುದು ನನ್ನ ಎದೆಯ ಭಾರವನ್ನು ಕೊಂಚ ಇಳಿಸಿತು. ಆದರೆ ಆ ದನಿಯನ್ನು ನಾನು ಮತ್ತೆ ಬಾಯಿಗೆ ತಂದುಕೊಂಡಿಲ್ಲ.

ಊರಿನಲ್ಲಿ ಸುದ್ದಿ ಹಬ್ಬಿ ಫೋನು ಮೂಕವಾಯಿತು. ಸಾವ್ಕಾರರ ಮೇಲೆ ಹೇಳಿಬಿಡು, ಮುಚ್ಚಳದ ಸುಳ್ಳು ಅವರದೇ ತಾನೆ ಎಂದು ದೊಡ್ಡಪ್ಪ ಬುದ್ಧಿ ಹೇಳಿದ. ಅವ್ವ ಕ್ಯಾಲೆಂಡರು ತಿರುಗಿಸಿ ಹಾಕಿಕೊಂಡು, ಅದರಲ್ಲಿದ್ದ ಪ್ರತಿ ಮನೆಗೂ ತಾನೇ ಫೋನು ಮಾಡಿದಳು. ನೀಲಿ ಗೇಟಿಗೂ, ಮಂಡಿನೋವಿನ ಅಜ್ಜಿಗೂ.

“ನಮ್ ಕೆಲಸ್ದಲ್ಲಿ ಹಿಂಗಾಯ್ತು ಮೇಡಂ. ತಪ್ಪು ನಮ್ದೇ. ಮುಚ್ಚಳ ನಾವೇ ಬಂದು ತೆಗೀಬೇಕಿತ್ತು, ನಿಮ್ ಮೇಲೆ ಬಿಟ್ಟಿದ್ವಿ. ಒಳಗೆ ಮನುಷ್ಯ ಇರುವಾಗ ನಾನು ಫೋನ್ ಮಾಡಿದ್ದೆ. ನಮ್ ಹುಡುಗ ಹುಡುಗಾಟ ಆಡಿದ್ದ. ಇನ್ಮೇಲೆ ಹಿಂದಿನ್ ದಿನ ನಾವೇ ಬಂದು ತೆಗೀತೀವಿ. ಒಳಗೆ ಜನ ಇರೋವರ್ಗೂ ಫೋನ್ ಆಫು, ಕರೆದ್ರೆ ಸಿಗಲ್ಲ, ಬೇಜಾರ್ ಮಾಡ್ಕಬ್ಯಾಡಿ.”

ಎಲ್ಲ ಮುಗಿಯಿತು ಎಂದುಕೊಂಡೆವು. ಹದಿನೈದು ದಿನ ಬಿಟ್ಟು ಫೋನು ಒಂದೊಂದಾಗಿ ಶುರುವಾಯಿತು, ಆಮೇಲೆ ನಿಲ್ಲಲಿಲ್ಲ. ತನ್ನ ತಪ್ಪನ್ನು ತಾನೇ ಫೋನು ಮಾಡಿ ಹೇಳುವವಳ ಮನೆಯವರೇ ತಮ್ಮ ಸಂಪಿಗೆ ಇಳಿಯಲಿ ಎಂದು ಜನರಿಗೆ ಅನ್ನಿಸಿರಬೇಕು. ಎಂಟು ದಿನದ ಫೋನಿನ ಕೆಲಸವನ್ನು ಅವ್ವ ನನಗೆ ಕೊಟ್ಟಳು. ಶರತ್ತು ಒಂದೇ: ನನ್ನ ದನಿಯಲ್ಲೇ ಆಡಬೇಕು. ಮೊದಮೊದಲು ಸಣ್ಣ, ತೆಳ್ಳಗಿನ, ಯಾರದೂ ಅಲ್ಲದ ಒಂದು ದನಿ ಹೊರಟಿತು. “ನಾನು ರಾಹುಲ. ನೀರು ಚೆನ್ನಾಗಿದ್ಯಾ?” ಎಂದರೆ ಆಚೆಯಿಂದ, “ಯಾವ ರಾಹುಲಪ್ಪಾ?” ಎಂದು ಕೇಳುತ್ತಿದ್ದರು. ನಾನೂ ಅದನ್ನೇ ಕೇಳಿಕೊಳ್ಳುತ್ತಿದ್ದೆ. ನೂರಾರು ಮನೆಗಳ ನೀರು ವಿಚಾರಿಸುತ್ತಾ ವಿಚಾರಿಸುತ್ತಾ ಆ ದನಿ ನಿಧಾನಕ್ಕೆ ದಪ್ಪವಾಯಿತು. ಈಗ ನಾನು ಮಾತಾಡುವುದು ಅದರಲ್ಲೇ. ಅಷ್ಟೇನೂ ಚೆನ್ನಾಗಿಲ್ಲ. ನನ್ನನ್ನು ಯಾರಾದರೂ ಅಣಕಿಸಿದರೆ ಮಾತ್ರ ತುಂಬ ಸಂತೋಷವಾಗುತ್ತದೆ.

ಈಗ ನಾವು ಏಳು ಜನ, ಎರಡು ಗಾಡಿ. ಅಪ್ಪನ ಮೊಣಕಾಲು ಸೋತ ಮೇಲೆ ಒಳಗಿಳಿಯುವವನು ನಾನು, ಮೇಲೆ ಹಗ್ಗ ಹಿಡಿಯುವವನು ಚಿಕ್ಕಪ್ಪ. ನಮ್ಮ ಜನ ಕೆಲಸ ಮಾಡುವಾಗ ಒಂದು ಮಾತಿಲ್ಲ. ಹೊಸಬರು ನೋಡಿದರೆ ಇವರೇನು ಮೂಗರೇ ಎಂದುಕೊಳ್ಳಬೇಕು. ವರ್ಷಕ್ಕೊಮ್ಮೆ, ಆಯುಧಪೂಜೆಗೆ ಊರೆಲ್ಲ ಗಾಡಿ ತೊಳೆಯುವ ದಿನ, ನಾವು ನಮ್ಮ ಸ್ವಂತ ಸಂಪು ತೊಳೆಯುತ್ತೇವೆ. ಈ ಸಲವೂ ಹಿಂದಿನ ದಿನವೇ ಮುಚ್ಚಳ ತೆಗೆದು, ದೀಪ ಬಿಟ್ಟು ನೋಡಿ, ಬೆಳಗಿನ ಬಿಸಿಲು ನಡುಮನೆಗೆ ಬಿದ್ದ ಮೇಲೆ ಇಳಿದೆ. ಸೊಂಟಕ್ಕೆ ಹಗ್ಗ. ಮೇಲೆ ಚಿಕ್ಕಪ್ಪ, ಪಕ್ಕದಲ್ಲಿ ಅವ್ವ. ಕೊನೆಯ ಬಕೆಟ್ಟು ಮೇಲೆ ಕಳಿಸಿ, ನೆಲ ಒರೆಸಿ, ಎರಡು ಸಲ ಹಗ್ಗ ಎಳೆದೆ. ಇದ್ದೀನಿ ಎಂದು. ಹನಿ ನೀರಿಲ್ಲದ ಆ ಒಣ ಮೂಲೆಯಲ್ಲಿ, ನನ್ನ ಕಿವಿಯ ಹಿಂದೆ, ಬಹಳ ಹತ್ತಿರದಿಂದ ಬಂತು:

“ಓ, ಇದ್ದೀನಿ!”

ನಡುವೆ ಸಣ್ಣ ಗಾಳಿ ಸೋರಿತು. ನನ್ನ ಮುರಿದ ಹಲ್ಲು ಸರಿಮಾಡಿಸಿ ಹತ್ತು ವರ್ಷದ ಮೇಲಾಯಿತು. ನಾನು ಬಾಯಿ ಬಿಡಲಿಲ್ಲ, ಅಲುಗಲೂ ಇಲ್ಲ. ಸೊಂಟದ ಹಗ್ಗ ಬಿಗಿಯಾಯಿತು. ಚಿಕ್ಕಪ್ಪ ಒಂದೇ ಉಸಿರಿಗೆ ನನ್ನನ್ನು ಮೇಲಕ್ಕೆಳೆದು ನೆಲದ ಮೇಲೆ ಹಾಕಿದ.

“ಏನಾಯ್ತ್ಲಾ? ಮೂರು ಎಳೆದೆಯಲ್ಲಾ?”

“ಎರಡೇ ಎಳೆದಿದ್ದು ಚಿಕ್ಕಪ್ಪ.”

“ಮೂರು ಕಣ್ಲಾ. ನನ್ ಕೈ ಸುಳ್ಳೇಳಲ್ಲ.” ಅವನ ಅಂಗೈ ಕೆಂಪಾಗಿತ್ತು. ಅವನು ಸಂಪಿನೊಳಕ್ಕೆ ನೋಡಿದ, ಆಮೇಲೆ ನನ್ನ ಬಾಯಿಯ ಕಡೆ ನೋಡಿದ. ಅವನಿಗೂ ಏನೋ ಕೇಳಿಸಿತ್ತು.

ಅವ್ವ ಒಬ್ಬಳೇ ಅವಸರಪಡದೆ ಎದ್ದಳು.

“ಮೂರು ಬಂತು, ಎತ್ತಿದ್ರಿ. ಸರಿಯಾಗೇ ಮಾಡಿದ್ದೀರಿ. ಮುಚ್ಚಿ.”

ಮುಚ್ಚಳ ಮುಚ್ಚಿದೆವು. ಅವಳು ಗೋಣಿತಾಟು ಹಾಸಿ, ಮೊಣಕಾಲು ಹಿಡಿದು ನಿಧಾನಕ್ಕೆ ಕೂತಳು. ಹಿಂದಿನ ಹಳಿಯ ಮೇಲೆ ಗೂಡ್ಸ್ ಹಾಯಿತು. ಪಟ ಓರೆಯಾಯಿತು. ನೀರೇ ಇಲ್ಲದ ಸಂಪಿನಲ್ಲಿ ಯಾರೋ ಗಂಟಲು ಸರಿಮಾಡಿಕೊಂಡರು. ಮಡಿಲಲ್ಲಿದ್ದ ಫೋನು ಒಂದು ಸಲ ಹೊಡೆದುಕೊಂಡಿತು, ಎರಡು ಸಲ ಹೊಡೆದುಕೊಂಡಿತು. ಮೂರಕ್ಕೆ ಬಿಡದೆ ಅವ್ವ ಎತ್ತಿದಳು. ಒಂದು ಕೈಯನ್ನು ಮುಚ್ಚಳದ ಮೇಲಿಟ್ಟು, ಮಲಗಿದ ಮಗುವಿನ ಬೆನ್ನು ತಟ್ಟುವ ಹಾಗೆ ಮೆಲ್ಲಗೆ ತಟ್ಟುತ್ತಾ ಹೇಳಿದಳು:

“ಹೇಳಿ ಸ್ವಾಮಿ. ಇದ್ದೀವಿ. ಎಲ್ರೂ ಇದ್ದೀವಿ.”